ಮಾವನ ರಕ್ತ

ಕಲ್ಲಿದ್ದಲ ಯಾರ್ಡಿನ ಹಿಂದಿನ ಬೀದಿಯಲ್ಲಿ ಕ್ಷೌರದ ಅಂಗಡಿ ಇಟ್ಟುಕೊಂಡಿದ್ದವನನ್ನು ಎಲ್ಲರೂ ನೆಗೆಟಿವಣ್ಣ ಎಂದೇ ಕರೆಯುತ್ತಿದ್ದರು. ಹಾಗೆಂದು ಅವನೇನೂ ಮುಖ ಗಂಟಿಕ್ಕಿಕೊಂಡು ಕೂರುವ ಆಸಾಮಿಯಲ್ಲ. ಅವನ ಮಾತಿಗೆ ನಕ್ಕು ನಕ್ಕು ಗಿರಾಕಿಯ ಕೆನ್ನೆ ಅಲುಗಾಡಿ, ಅದು ನಿಲ್ಲುವ ತನಕ ರೇಜರು ಮೇಲೆತ್ತಿ ಹಿಡಿದು ಕಾಯಬೇಕಾಗುತ್ತಿತ್ತು. ಹೆಸರು ಬಂದದ್ದು ರಕ್ತದಿಂದ. ಅವನದು ಓ ನೆಗೆಟಿವ್, ಹುಡುಕಿದರೂ ಸಿಗದಂಥದ್ದು. ಆಸ್ಪತ್ರೆಯಿಂದ ಫೋನ್ ಬಂತೆಂದರೆ ಕುರ್ಚಿಯಲ್ಲಿದ್ದವರನ್ನು ಹಾಗೇ ಬಿಟ್ಟು ಹೊರಟುಬಿಡುತ್ತಿದ್ದ. ಒಮ್ಮೆ ಕ್ರೇನಿನ ಆಪರೇಟರ್ ಒಬ್ಬ, "ಅಣ್ಣ, ಅರ್ಧ ಮೀಸೆ ಇಟ್ಕೊಂಡು ನಾನು ಡ್ಯೂಟಿಗೆ ಹೋಗೋದು ಹೆಂಗೆ?" ಎಂದು ಹಿಂದಿನಿಂದ ಕೂಗಿದ್ದಕ್ಕೆ, "ಇನ್ನರ್ಧ ಮನೇಲಿ ಬಿಟ್ಟು ಬಂದೆ ಅನ್ನು" ಎಂದು ಹೇಳಿ ಬೀದಿಯ ತಿರುವು ದಾಟಿದ್ದ.

ಬೀದಿಯ ಒಂದು ಬದಿ ಮನೆಗಳು, ಇನ್ನೊಂದು ಬದಿ ಯಾರ್ಡಿನ ಉದ್ದನೆಯ ಗೋಡೆ, ಗೋಡೆಯ ಮೇಲೆ ಹರಿದ ಹಸಿರು ಬಲೆ. ಆಚೆ ಗೂಡ್ಸ್ ಬೋಗಿಗಳು ಬಂದು ಕಲ್ಲಿದ್ದಲು ಸುರಿದು ಹೋಗುತ್ತಿದ್ದವು. ಮನೆಗಳಿಗಿಂತ ಎತ್ತರದ ರಾಶಿಗಳು. ಅವುಗಳ ಮೇಲೆ ನೀರು ಚಿಮ್ಮಿಸುವ ಪೈಪುಗಳೂ ಇದ್ದವು, ಯಾರಾದರೂ ಸಾಹೇಬರು ನೋಡಲು ಬಂದಾಗ ಮಾತ್ರ ಅವುಗಳಿಗೆ ಜೀವ ಬರುತ್ತಿತ್ತು. ಗಾಳಿ ಬೀಸಿದರೆ ಸಾಕು, ಧೂಳು ಬೀದಿಗಿಳಿಯುತ್ತಿತ್ತು. ಒಗೆದು ಹರವಿದ ಬಟ್ಟೆ ಒಣಗುವಷ್ಟರಲ್ಲಿ ಮತ್ತೆ ಒಗೆಯುವಂತಾಗುತ್ತಿತ್ತು. ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆಯನ್ನು ನೆಗೆಟಿವಣ್ಣ ಎಂದೋ ಕಡುನೀಲಿಗೆ ಬದಲಾಯಿಸಿದ್ದ. ತಲೆ ತೊಳೆದ ನೀರು ಕಪ್ಪಗೆ ಇಳಿದುಹೋಗುವುದನ್ನು ಅವನೂ ನೋಡುತ್ತಿರಲಿಲ್ಲ, ಗಿರಾಕಿಯೂ ನೋಡುತ್ತಿರಲಿಲ್ಲ. ಅಭ್ಯಾಸವಾಗಿಬಿಟ್ಟಿತ್ತು.

ಅವನು ಮದುವೆಯಾಗಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯೇ ಮನೆ. ಆ ಕೋಣೆಯ ಗೋಡೆಗೆ ಅಂಟಿಕೊಂಡ ಪಕ್ಕದ ಮನೆಯಲ್ಲಿ ತಂಗಿಯ ಸಂಸಾರ. ತಂಗಿಯ ಗಂಡ ದೂರದೂರಿಗೆ ಲಾರಿ ಓಡಿಸುವವನು, ಮನೆಗೆ ಬರುವುದಕ್ಕಿಂತ ಹೋಗುವುದೇ ಹೆಚ್ಚು. ಮೊದಲು ಅವರಿದ್ದದ್ದು ಬೆಟ್ಟದ ಮೇಲಿನ ಒಂದು ಸಣ್ಣ ಊರಿನಲ್ಲಿ. ಮಗಳಿಗೆ ಎರಡು ತುಂಬಿದಾಗ ಅಣ್ಣನೇ ಹೋಗಿ, "ಕೂಸು ಕಟ್ಕೊಂಡು ಇಲ್ಲೊಬ್ಳೇ ಏನ್ ಮಾಡ್ತೀಯ? ನನ್ನ ಪಕ್ಕದ ಮನೆ ಖಾಲಿಯಾಗಿದೆ, ಬಾ. ಒಂದು ಕೂಗು ಹಾಕಿದ್ರೆ ನಾನಿರ್ತೀನಿ" ಎಂದು ಪಾತ್ರೆಪಗಡದ ಸಮೇತ ಕರೆತಂದಿದ್ದ.

ಆ ಮಗಳೇ ಚೂಟಿ. ಹುಟ್ಟಿನಿಂದ ಚುರುಕಾಗಿದ್ದಳೆಂದು ಬಿದ್ದ ಹೆಸರು, ಶಾಲೆಯಲ್ಲೂ ಅದೇ ಉಳಿಯಿತು. ಕುರ್ಚಿಯ ಎರಡು ಕೈಗಳ ಮೇಲೆ ಹಲಗೆ ಇಟ್ಟು ಅವಳನ್ನು ಕೂರಿಸಿ ಮಾವ ಕೂದಲು ಕತ್ತರಿಸುವಾಗ ಅಂಗಡಿಯ ಗಿರಾಕಿಗಳ ತಲೆಗಳ ಬಗ್ಗೆ ತೀರ್ಪು ಕೊಡುತ್ತಿದ್ದಳು. ಮಧ್ಯಾಹ್ನ ಶಾಲೆ ಬಿಟ್ಟು ಬಂದವಳು ಒಳಕೋಣೆಯಲ್ಲಿ ಹಗ್ಗದಾಟ ಶುರುಮಾಡಿದರೆ ಗೋಡೆಯ ಈಚೆ ಮಲಗಿದ್ದ ಮಾವನ ಕಿವಿಗೆ ಥಪ್ ಥಪ್ ಥಪ್ ಎಂದು ಬಡಿಯುತ್ತಿತ್ತು. "ಲೇ, ಗೋಡೆ ಬೀಳ್ಸಿ ನನ್ನನ್ನ ಮಣ್ಣು ಮಾಡ್ತೀಯೇನೇ?" ಎಂದು ಅವನು ಕೂಗುತ್ತಿದ್ದ. "ಬೀಳ್ಲಿ ಮಾವ, ಆಗ ಒಂದೇ ಮನೆ ಆಗುತ್ತೆ" ಎಂದು ಆಚೆಯಿಂದ ಉತ್ತರ.

ಒಂಬತ್ತನೆಯ ವಯಸ್ಸಿನಲ್ಲಿ ಆ ಶಬ್ದ ನಿಂತಿತು. ಮೊದಲು ಸುಸ್ತು, ಆಮೇಲೆ ಎಲ್ಲೂ ಬೀಳದೆಯೇ ಕಾಲ ಮೇಲೆ ನೀಲಿ ಕಲೆಗಳು, ಹಲ್ಲುಜ್ಜಿದರೆ ರಕ್ತ. ಮೂಳೆಯೊಳಗೆ ರಕ್ತ ತಯಾರಾಗುವುದೇ ನಿಲ್ಲುತ್ತಿದೆ ಎಂದರು ಆಸ್ಪತ್ರೆಯಲ್ಲಿ. ಹೊರಗಿನಿಂದ ಕೊಡುತ್ತಿರಬೇಕು. ಅವಳದೂ ನೆಗೆಟಿವ್ ಗುಂಪೇ. ಮಾವ ಅಂಗಿಯ ತೋಳು ಮಡಚಿ ರಕ್ತ ಕೊಡಲು ಮಲಗಿದ. ಅವನ ರಕ್ತ ಏರಿದ ಮಾರನೆಯ ದಿನ ಹುಡುಗಿಯ ತುಟಿಗೆ ಬಣ್ಣ ಬರುತ್ತಿತ್ತು. "ನಿಂದು ಹಾಕಿದ್ರೆ ನಂಗೂ ಮೀಸೆ ಬರುತ್ತಾ ಮಾವ?" ಎಂದು ಕೇಳಿದ್ದಳು. "ಬಂದ್ರೆ ನಾನಿದ್ದೀನಲ್ಲ, ಬೋಳಿಸ್ತೀನಿ." ಮನೆಗೆ ಬಂದವಳು ಕೆಲವು ದಿನ ಮತ್ತೆ ಹಗ್ಗ ಹಿಡಿಯುತ್ತಿದ್ದಳು. ಥಪ್ ಥಪ್ ಕೇಳಿದರೆ ಅವನಿಗೆ ತನ್ನ ರಕ್ತವೇ ಗೋಡೆಯಾಚೆ ಕುಣಿದಂತೆ ಹಿಗ್ಗು. ಆಮೇಲೆ ಮತ್ತೆ ಬಿಳಿಚಿಕೊಳ್ಳುತ್ತಿದ್ದಳು. ಮಾವ ಒಬ್ಬನೇ ಎಷ್ಟು ಕೊಟ್ಟಾನು, ಬೇರೆಯವರದೂ ಏರಿತು. ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಬಂತು, ಇಳಿಯಲಿಲ್ಲ. ಚೂಟಿ ಹೋದಳು.

ವರ್ಷ ಕಳೆದ ಮೇಲೆ ಮೆಡಿಕಲ್ ಕಾಲೇಜಿನವರು ಶಾಲೆಯ ಹಾಲಿನಲ್ಲಿ ಮೇಜು ಹಾಕಿ ಕುಳಿತರು. ಯಾರ್ಡಿನ ಸುತ್ತ ವಾಸವಿರುವವರ ರಕ್ತ ಪರೀಕ್ಷೆ ಮಾಡಬೇಕಂತೆ. ಒಳಗೆ ಕೆಲಸ ಮಾಡುವವರದಲ್ಲ, ಸುಮ್ಮನೆ ಪಕ್ಕದಲ್ಲಿ ಬದುಕುವವರದು. ಜನ ಹಿಂಜರಿದರು. ನೆಗೆಟಿವಣ್ಣ ಎಲ್ಲರಿಗಿಂತ ಮುಂದೆ ಹೋಗಿ ತೋಳು ಚಾಚಿದ. "ನೋಡ್ರಪ್ಪ, ನಂಗೆ ಇದು ಹಜಾಮತಿಗಿಂತ ಸುಲಭ" ಎಂದು ಉಳಿದವರಿಗೆ ಧೈರ್ಯ ಹೇಳಿದ. ತಂಗಿ ಮಾತ್ರ ಬರಲಿಲ್ಲ. "ಸೂಜಿ ನೋಡಿ ನೋಡಿ ಸಾಕಾಗಿದೆ ಅಣ್ಣ. ನನ್ನ ಬಿಟ್ಟುಬಿಡು" ಎಂದಳು. ಅವನು ಒತ್ತಾಯ ಮಾಡಲಿಲ್ಲ.

ಫಲಿತಾಂಶ ಹೇಳಲು ಕೂತಿದ್ದವಳು ಕನ್ನಡಕದ ಡಾಕ್ಟರಮ್ಮ, ಮಾತು ಕಡಿಮೆ. ಅವನ ಮುಖ ನೋಡಿ ಕೇಳಿದಳು, "ನೀವು ಯಾರ್ಡಲ್ಲಿ ಕೆಲಸ ಮಾಡ್ತೀರಾ?"

"ಇಲ್ಲ ಮೇಡಂ. ಯಾರ್ಡಿನವರ ತಲೆ ಮೇಲೆ ಕೆಲಸ ಮಾಡ್ತೀನಿ."

ಅವಳು ನಗಲಿಲ್ಲ. "ನಿಮ್ಮ ರಕ್ತ ತುಂಬಾ ದಪ್ಪವಾಗಿದೆ. ಕೆಂಪು ಕಣಗಳು ಇರಬೇಕಾದ್ದಕ್ಕಿಂತ ಜಾಸ್ತಿ. ಬಿಳಿ ಕಣಗಳಲ್ಲೂ ಕೆಲವು ಹಾಳಾಗಿವೆ. ಕಾಲೇಜಿಗೆ ಬನ್ನಿ, ಇನ್ನೂ ಸ್ವಲ್ಪ ನೋಡ್ಬೇಕು."

"ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ? ಕೊಡಕ್ಕೆ ಅನುಕೂಲ."

"ಬೇಡ. ಸದ್ಯಕ್ಕೆ ಯಾರಿಗೂ ರಕ್ತ ಕೊಡ್ಬೇಡಿ."

ಅವನ ಬಾಯಲ್ಲಿ ತಯಾರಾಗಿದ್ದ ಇನ್ನೊಂದು ನಗೆಮಾತು ಅಲ್ಲೇ ಒಣಗಿತು. ಹಿಂದೆ ಸಾಲಿನಲ್ಲಿ ನಿಂತವರು ತಳ್ಳಿದರು, ಎದ್ದು ಹೊರಬಂದ. ಶಾಲೆಯ ಅಂಗಳದಲ್ಲಿ ಮಕ್ಕಳು ಆಡುತ್ತಿದ್ದರು. ಯಾರಿಗೂ ಕೊಡ್ಬೇಡಿ. ಕೊಟ್ಟಾಗಿದೆಯಲ್ಲ ಎಂದುಕೊಂಡ. ಆಸ್ಪತ್ರೆಯ ಹಾಸಿಗೆ, ಕೊಕ್ಕೆಗೆ ತೂಗುಬಿಟ್ಟ ಚೀಲ, ಹುಡುಗಿಯ ಸಣ್ಣ ಕೈಯೊಳಕ್ಕೆ ಹನಿಹನಿಯಾಗಿ ಇಳಿಯುತ್ತಿದ್ದ ತನ್ನ ರಕ್ತ ಕಣ್ಣಿಗೆ ಕಟ್ಟಿತು.

ಆ ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಒಳಕೋಣೆಯಲ್ಲಿ ಮಗ್ಗುಲಾದ. ತಲೆ ಸಿಡಿಯುತ್ತಿತ್ತು. ಗೋಡೆಯ ಕಡೆಗೆ ಹೊರಳಿದಾಗ ಕೇಳಿಸಿತು.

ಥಪ್. ಥಪ್. ಥಪ್.

ಉಸಿರು ಬಿಗಿಹಿಡಿದ. ಶಬ್ದ ನಿಲ್ಲಲಿಲ್ಲ. ಒಂದೇ ಹದದಲ್ಲಿ, ಆತುರವಿಲ್ಲದೆ, ಎರಡು ಕಾಲು ಜೋಡಿಸಿ ಹಾರುವವರ ಹಾಗೆ. ಅವನು ಎದ್ದು ಪಕ್ಕದ ಮನೆಗೆ ಹೋದ. ತಂಗಿ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು.

"ಒಳಗೆ ಯಾರಾದ್ರೂ ಇದ್ದಾರಾ?"

"ಯಾರಿರ್ತಾರೆ? ಯಾಕಣ್ಣ, ಮುಖ ಇಷ್ಟು ಕೆಂಪಗಿದೆ?"

"ಬಿಸಿಲು" ಎಂದು ಹೇಳಿ ಒಳಕೋಣೆ ಇಣುಕಿದ. ಮಂಚ, ಮಡಚಿದ ಹಾಸಿಗೆ, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಹಗ್ಗ. ಹತ್ತಿರ ಹೋಗಿ ನೋಡಿದ. ಹಗ್ಗದ ಮರದ ಹಿಡಿಗಳ ಮೇಲೆ ಧೂಳು ಮೆತ್ತೆಯಂತೆ ಕೂತಿತ್ತು. ಒಂದು ಬೆರಳಿನ ಗುರುತೂ ಇರಲಿಲ್ಲ. ಆ ಕೋಣೆಯೊಳಗೆ ನಿಂತಿದ್ದಾಗಲೂ ಎಲ್ಲೋ ಒಳಗಿನಿಂದ ಥಪ್ ಥಪ್ ಎನ್ನುತ್ತಲೇ ಇತ್ತು. ತಂಗಿಗೆ ಏನೂ ಹೇಳದೆ ಬಂದುಬಿಟ್ಟ.

ಅಲ್ಲಿಂದ ಮುಂದೆ ಅವನ ದಿನಗಳೇ ಬೇರೆಯಾದವು. ಅಂಗಡಿಯಲ್ಲಿ ಜನ, ಮಾತು, ರೇಡಿಯೋ ಇದ್ದಷ್ಟು ಹೊತ್ತು ಪರವಾಗಿಲ್ಲ. ಸದ್ದಡಗಿದ ಕೂಡಲೇ ಚೂಟಿ ಹಗ್ಗ ಹಿಡಿಯುತ್ತಿದ್ದಳು. ಮೊದಮೊದಲು ಭಯವಾಯಿತು. ಆಮೇಲೆ ಅವನಿಗೆ ಅದರ ಅರ್ಥ ತಿಳಿದಂತೆನಿಸಿತು. ಮಗು ಕೇಳುತ್ತಿದೆ, ಇನ್ನೇನಿಲ್ಲ. ಒಳ್ಳೆಯದೆಂದು ನಂಬಿ ಒಳಗೆ ಬಿಟ್ಟುಕೊಂಡ ರಕ್ತ ಎಂಥದ್ದೆಂದು ಕೇಳುತ್ತಿದೆ. ಮಾವ, ನಂಗೇನು ಹಾಕಿದೆ ಎಂದು ಕೇಳುತ್ತಿದೆ.

ಊರಲ್ಲಿ ತನ್ನ ರಕ್ತ ಪಡೆದವರ ನೆನಪಾಯಿತು. ಹೆರಿಗೆಯಲ್ಲಿ ಸಾವಿನ ಬಾಗಿಲು ತಟ್ಟಿ ಬಂದಿದ್ದ ಪೇಪರ್ ಮಾರುವ ಹೆಂಗಸನ್ನು ಹುಡುಕಿಕೊಂಡು ಸ್ಟೇಷನ್ನಿಗೆ ಹೋದ. ಬೇಡದ ಪೇಪರನ್ನು ಕೊಂಡು ಅವಳ ಮುಖವನ್ನೇ ನೋಡುತ್ತ ನಿಂತ. ಗುಂಡುಕಲ್ಲಿನಂತಿದ್ದಳು. ಮಗನೂ ಪಕ್ಕದಲ್ಲಿ ಕಡಲೆ ಮೆಲ್ಲುತ್ತಿದ್ದ.

"ಏನಣ್ಣ ಹಾಗೆ ನೋಡ್ತೀಯ? ಕೊಟ್ಟಿದ್ದನ್ನ ವಾಪಸ್ ಕೇಳಕ್ಕೆ ಬಂದ್ಯಾ?" ಎಂದು ನಕ್ಕಳು.

"ಹುಷಾರಾಗಿದ್ದೀಯಲ್ಲ?"

"ನಿನ್ನ ರಕ್ತ ಬಂದ್ಮೇಲೆ ನಂಗೆ ಮಾತು ಜಾಸ್ತಿಯಾಗಿದೆ ಅಂತಾರೆ ನಮ್ಮನೆಯವರು. ಅದೊಂದೇ ಕಾಯಿಲೆ."

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇವಳು ದೊಡ್ಡವಳು, ಗಟ್ಟಿಗಿತ್ತಿ, ತಡೆದುಕೊಂಡಳು; ಅದು ಮಗು ಎಂದುಕೊಂಡ. ವಾಪಸು ಬರುವಾಗ ಕಣ್ಣ ಮುಂದೆ ಸಣ್ಣ ಸಣ್ಣ ಚುಕ್ಕೆಗಳು ತೇಲುತ್ತಿದ್ದವು. ಬಿಸಿನೀರು ಮೈಮೇಲೆ ಬಿದ್ದರೆ ಮೈಯೆಲ್ಲ ತುರಿಸುತ್ತಿತ್ತು. ಬೆರಳ ತುದಿ ಜುಮುಗುಡುತ್ತಿತ್ತು. ಹೀಗಿರುವಾಗಲೇ ಒಂದು ಬೆಳಿಗ್ಗೆ ಗಿರಾಕಿಯ ಕಿವಿಯ ತುದಿಗೆ ಕತ್ತರಿ ತಾಗಿಸಿಬಿಟ್ಟ. ಅವನ ಕಸುಬಿನಲ್ಲಿ ಅಂಥದ್ದು ಆದದ್ದೇ ಇಲ್ಲ. ಹತ್ತಿ ಒತ್ತಿ ಹಿಡಿದವನು ಆ ಒಂದು ಹನಿ ಹತ್ತಿಯೊಳಗೆ ಹರಡುವುದನ್ನು ಎಷ್ಟು ಹೊತ್ತು ನೋಡುತ್ತ ನಿಂತನೆಂದರೆ, ಗಿರಾಕಿಯೇ, "ಅಣ್ಣ, ಕಿವಿ ನಂದು, ನೀನ್ಯಾಕೆ ಅಳ್ತಿದ್ದೀಯ?" ಎಂದು ಗಾಬರಿಯಾದ.

ಮಾರನೆಯ ದಿನ ಅವನು ಮೆಡಿಕಲ್ ಕಾಲೇಜಿಗೆ ಹೋದ.

ಡಾಕ್ಟರಮ್ಮನ ಕೋಣೆ ಉದ್ದನೆಯ ಕಾರಿಡಾರಿನ ತುದಿಯಲ್ಲಿತ್ತು. ಕಿಟಕಿಯ ಪಕ್ಕ ಮೈಕ್ರೋಸ್ಕೋಪು, ಗಾಜಿನ ಸ್ಲೈಡುಗಳ ಪೆಟ್ಟಿಗೆ, ಸಿಂಕಿನ ಮೇಲೆ ಯಾರೋ ತೊಳೆದು ಬೋರಲು ಹಾಕಿದ ಟೀ ಲೋಟಗಳು. ಮತ್ತೆ ರಕ್ತ ತೆಗೆಸಿ, ಕಾಯಿಸಿ, ಒಳಗೆ ಕರೆದಳು. ಅವನು ಕೂರುವ ಮೊದಲೇ ಕೇಳಿಬಿಟ್ಟ.

"ಮೇಡಂ, ನನ್ನ ರಕ್ತ ಒಂದು ಮಗೂಗೆ ಕೊಟ್ಟಿದ್ದೆ. ನನ್ನ ತಂಗಿ ಮಗಳು. ಅವಳು ಉಳೀಲಿಲ್ಲ. ನನ್ನಿಂದ್ಲೇ ಹೋದ್ಲಾ?"

ಡಾಕ್ಟರಮ್ಮ ಕನ್ನಡಕ ತೆಗೆದಳು. ಕಾಯಿಲೆ ಏನಾಗಿತ್ತು, ಎಷ್ಟು ಕಾಲ ನಡೆಯಿತು ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಆಮೇಲೆ ಹೇಳಿದಳು, "ಇಲ್ಲ. ಕೇಳಿಸ್ಕೊಳ್ಳಿ, ಇಲ್ಲ. ನೀವು ಕೊಡೋ ಮುಂಚೇನೇ ಅವಳಿಗೆ ಕಾಯಿಲೆ ಬಂದಿತ್ತು. ಕೊಟ್ಟ ರಕ್ತ ಒಳಗೆ ಕೆಲವು ವಾರ ಇದ್ದು ಸವೆದು ಹೋಗುತ್ತೆ. ಆ ವಾರಗಳನ್ನ ಅವಳಿಗೆ ಕೊಟ್ಟಿದ್ದು ನೀವು."

ಅವನು ಕುರ್ಚಿಗೆ ಒರಗಿದ. ತಿಂಗಳಿಂದ ಹೊತ್ತಿದ್ದ ಬಂಡೆ ಇಳಿದಂತಾಗಿ ಕಣ್ಣು ತುಂಬಿ ಬಂತು. ಹಾಗೇ ಹೊರಟುಬಂದಿದ್ದರೆ ಆಗುತ್ತಿತ್ತು. ಆದರೆ ಬಾಯಿ ಸುಮ್ಮನಿರಲಿಲ್ಲ.

"ಮತ್ತೆ ಅವಳಿಗ್ಯಾಕೆ ಬಂತು?"

"ಎಲ್ಲಿದ್ರು ಅವರು?"

"ನನ್ನ ಪಕ್ಕದ ಮನೆ. ಗೋಡೆಗೆ ಗೋಡೆ."

ಡಾಕ್ಟರಮ್ಮ ಮೇಜಿನ ಮೇಲಿನ ಪೆನ್ನನ್ನು ಅತ್ತಿಂದಿತ್ತ ಸರಿಸಿದಳು. "ಒಂದು ಮಗುವಿನ ವಿಷಯದಲ್ಲಿ ಇದೇ ಕಾರಣ ಅಂತ ನಾನು ಹೇಳಕ್ಕಾಗಲ್ಲ. ಯಾರೂ ಹೇಳಕ್ಕಾಗಲ್ಲ. ಇಂಥ ಕಾಯಿಲೆ ಯಾವ ಧೂಳೂ ಇಲ್ಲದ ಕಡೆ ಕೂಡ ಬರುತ್ತೆ. ಆದ್ರೆ ನಿಮ್ಮ ಬೀದಿಯವರ ರಕ್ತವನ್ನೂ ಈ ಧೂಳು ತಲುಪದ ನದಿ ಆಚೆಯವರ ರಕ್ತವನ್ನೂ ಪಕ್ಕಪಕ್ಕ ಇಟ್ಟು ನೋಡಿದೀವಿ. ಎರಡೂ ಒಂದೇ ಥರ ಇಲ್ಲ. ಉಸಿರಲ್ಲಿ ಒಳಗೆ ಹೋದದ್ದು ಶ್ವಾಸಕೋಶದಲ್ಲೇ ಕೂತಿರಲ್ಲ. ರಕ್ತಕ್ಕೂ ಅದರ ಪೆಟ್ಟು ತಗಲುತ್ತೆ. ಮಕ್ಕಳು ಬೆಳೀತಿರ್ತಾರೆ, ಅವರಿಗೆ ಜಾಸ್ತಿ. ಅವಳು ಹುಟ್ಟಿದ್ದೂ ಅಲ್ಲೇನಾ?"

"ಇಲ್ಲ" ಎಂದ. "ನಾನು ಕರ್ಕೊಂಡು ಬಂದೆ" ಎಂದ.

ಅವನ ರಕ್ತದ್ದೇನೋ ತಪ್ಪಲ್ಲ ಎಂದಾಯಿತು. ಆದರೆ ಬೆಟ್ಟದ ಮೇಲಿನ ಆ ಮನೆ ಕಣ್ಣ ಮುಂದೆ ಬಂತು. ಅಂಗಳದಲ್ಲಿ ಚಾಪೆ ಹಾಸಿ ಮಗುವನ್ನು ಬಿಟ್ಟಿದ್ದಳು ತಂಗಿ. ಅವಳೇನೂ ಬಾ ಎಂದಿರಲಿಲ್ಲ, ಒಬ್ಬಳೇ ಇರಲಾರೆ ಎಂದು ಅತ್ತಿರಲಿಲ್ಲ. ಒಬ್ಬನೇ ಇರಲಾರದವನು ತಾನು. ಸಂಜೆ ಅಂಗಡಿ ಮುಚ್ಚಿದ ಮೇಲೆ ಮಾತಾಡಲು ಒಂದು ಜೀವವಿರಲಿ ಎಂದು, ತಂಗಿಗೆ ಉಪಕಾರ ಮಾಡುವವನಂತೆ ಹೋಗಿ ಕರೆತಂದಿದ್ದ.

ಡಾಕ್ಟರಮ್ಮ ಇನ್ನೂ ಹೇಳುತ್ತಿದ್ದಳು. ಅವನ ಶ್ವಾಸಕೋಶ ಸರಿಯಾಗಿ ಗಾಳಿ ಹಿಡಿಯುತ್ತಿಲ್ಲ, ಅದಕ್ಕೇ ದೇಹ ಕೆಂಪು ಕಣಗಳನ್ನು ಬೇಕಾಬಿಟ್ಟಿ ತಯಾರಿಸುತ್ತಿದೆ, ಹೀಗೇ ಬಿಟ್ಟರೆ ಎಲ್ಲಾದರೂ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆಯಬಹುದು. "ತಲೆನೋವು, ತುರಿಕೆ ಇದೆಯಾ? ಕಿವಿಯಲ್ಲಿ ಏನಾದ್ರೂ ಶಬ್ದ?"

ಅವನು ತಲೆಯೆತ್ತಿದ. "ಎಂಥ ಶಬ್ದ?"

"ಬಡಿದ ಹಾಗೆ. ಎದೆ ಬಡಿತದ ಲೆಕ್ಕಕ್ಕೆ ಸರಿಯಾಗಿ. ರಕ್ತ ದಪ್ಪ ಆದಾಗ ಕೆಲವರಿಗೆ ಕೇಳಿಸುತ್ತೆ. ನಿಮ್ಮದೇ ರಕ್ತ ಅದು." ಅವಳು ಅವನ ಮಣಿಕಟ್ಟು ಹಿಡಿದು ಅವನ ಬೆರಳನ್ನೇ ನಾಡಿಯ ಮೇಲಿಟ್ಟಳು. "ಸುಮ್ನಿರಿ. ಈಗ ಕೇಳಿಸ್ಕೊಳ್ಳಿ."

ಬೆರಳ ಕೆಳಗೆ ಮಿಡಿದದ್ದೂ ಕಿವಿಯಲ್ಲಿ ಹಾರಿದ್ದೂ ಒಂದೇ ಆಗಿತ್ತು. ಥಪ್. ಥಪ್. ಥಪ್.

"ಸ್ವಲ್ಪ ರಕ್ತ ತೆಗೆದುಬಿಡೋಣ" ಎಂದಳು. "ಆಮೇಲೆ ತಲೆನೋವೂ ಹೋಗುತ್ತೆ, ಶಬ್ದಾನೂ ನಿಲ್ಲುತ್ತೆ."

"ನಿಂತುಹೋಗುತ್ತಾ?"

"ಬಹುತೇಕ."

ಅವನು ಎದ್ದ. "ಇರ್ಲಿ ಬಿಡಿ ಮೇಡಂ. ಈಗ ಬೇಡ." ಅವಳು ಹಿಂದಿನಿಂದ ಕರೆಯುತ್ತಿದ್ದರೂ ಕಾರಿಡಾರು ದಾಟಿ ಹೋದ.

ತಿಳಿದ ಮೇಲೆ ಭಯ ಹೋಗಬೇಕು. ಅವನಿಗೆ ಭಯ ಹೋಗಿ ಆಸೆ ಹುಟ್ಟಿತು. ಅದು ತನ್ನ ರಕ್ತವೇ ಎಂದು ಬುದ್ಧಿಗೆ ಗೊತ್ತಿತ್ತು. ಆದರೆ ಚೂಟಿ ಹಾರಿದ್ದೂ ಅದೇ ರಕ್ತದಿಂದಲ್ಲವೇ ಎಂದು ಮನಸ್ಸು ವಾದಿಸುತ್ತಿತ್ತು. ಮಧ್ಯಾಹ್ನ ಗಿರಾಕಿಗಳಿದ್ದರೂ ಬಾಗಿಲೆಳೆದು ಗೋಡೆಗೆ ಕಿವಿಗೊಟ್ಟು ಮಲಗುತ್ತಿದ್ದ. ನೋವು ಹೆಚ್ಚಾದಷ್ಟೂ ಹೆಜ್ಜೆ ಸ್ಪಷ್ಟ. ಅಂಗಡಿಯ ಪಕ್ಕದಿಂದ ತಾರಸಿಗೆ ಹೋಗುವ ಮೆಟ್ಟಿಲು ಓಡಿ ಹತ್ತಿದರೆ ಅವಳೂ ಜೋರಾಗಿ ಹಾರುತ್ತಿದ್ದಳು, ಅದಕ್ಕಾಗಿ ಸುಮ್ಮಸುಮ್ಮನೆ ಮೆಟ್ಟಿಲು ಹತ್ತುತ್ತಿದ್ದ. "ನಿಧಾನ ಕಣೇ, ಬಿದ್ದೀಯ" ಎಂದು ಮೆಲ್ಲಗೆ ಹೇಳುತ್ತಿದ್ದ. ಹಾಸ್ಯಗಾರ ನೆಗೆಟಿವಣ್ಣ ಮೂಕನಾಗಿದ್ದಾನೆಂದು ಗಿರಾಕಿಗಳು ಬೇರೆ ಅಂಗಡಿ ನೋಡಿಕೊಂಡರು. ಕನ್ನಡಿಯ ಮೇಲೆ ಧೂಳು ಕೂತು ಎದುರಿಗೆ ಯಾರಿದ್ದಾರೆಂಬುದೇ ಕಾಣದಂತಾಯಿತು, ಅವನು ಒರೆಸಲಿಲ್ಲ.

ಒಂದು ಸಂಜೆ ತಂಗಿ ಅಂಗಡಿಯ ಬಾಗಿಲು ತಳ್ಳಿ ಒಳಗೆ ಬಂದಳು. ಅವನು ಗಿರಾಕಿಯ ಕುರ್ಚಿಯಲ್ಲೇ ಕಣ್ಣು ಮುಚ್ಚಿ ಕೂತಿದ್ದ.

"ಯಾರ ಹತ್ರ ಮಾತಾಡ್ತೀಯಣ್ಣ ನೀನು?"

"ಯಾರ ಹತ್ರಾನೂ ಇಲ್ಲ."

"ಗೋಡೆಗೆ ನಿಂಗೊಂದು ಕಡೆ ಇದ್ರೆ ನಂಗೊಂದು ಕಡೆ ಇದೆ. ಎಲ್ಲಾ ಕೇಳಿಸುತ್ತೆ." ಅವಳು ಬೆಂಚಿನ ಮೇಲೆ ಕೂತಳು. "ಅವಳ ಹೆಸರು ಹಿಡಿದು ಕರೀತೀಯ. ಎಷ್ಟು ದಿನದಿಂದ ನಡೀತಿದೆ ಇದು?"

ಅವನು ಎಲ್ಲವನ್ನೂ ಹೇಳಿದ. ಶಾಲೆಯ ಹಾಲಿನಲ್ಲಿ ಕೇಳಿದ್ದು, ಹಗ್ಗದ ಶಬ್ದ, ಡಾಕ್ಟರಮ್ಮ ಹೇಳಿದ್ದು. ಕೊನೆಯದನ್ನು ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. "ನಿಂಗೋಸ್ಕರ ಅಲ್ಲ ನಾನು ಕರೆದಿದ್ದು. ನಂಗೋಸ್ಕರ. ನಾನು ಸುಮ್ನಿದ್ದಿದ್ರೆ ಅವಳು ಬೆಟ್ಟದ ಮೇಲೆ ಬೆಳೀತಿದ್ಲು."

ಹೊರಗೆ ಬೋಗಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನಿಂತವು. ಸುರಿಯುವ ಸದ್ದು ಶುರುವಾಯಿತು.

"ನಾನೇನು ಗಂಟುಮೂಟೆಯಾ, ನೀನು ಎತ್ಕೊಂಡು ಬರಕ್ಕೆ?" ಎಂದಳು ತಂಗಿ. ದನಿ ಗಟ್ಟಿಯಾಗಿತ್ತು. "ನಂಗೂ ಅಲ್ಲಿ ಸಾಕಾಗಿತ್ತು. ಬೀದಿ ಬೇಕಿತ್ತು, ಜನ ಬೇಕಿತ್ತು. ನೀನು ಕರೆದಾಗ ಎಲ್ಲಿ ಮಾತು ಬದಲಾಯಿಸ್ತೀಯೋ ಅಂತ ಅವತ್ತೇ ಪಾತ್ರೆ ಕಟ್ಟಿದೆ. ಮೊದಲ ದಿನಾನೇ ಕಿಟಕಿ ಮೇಲೆ ಕಪ್ಪು ಬೆರಳಿಗೆ ಹತ್ತಿತ್ತು, ನೋಡಿದೆ. ಒರೆಸ್ದೆ. ದಿನಾ ಒರೆಸ್ದೆ. ಅವಳನ್ನ ಹೆತ್ತವಳು ನಾನು. ಪೂರ್ತಿ ನಿಂದೇ ತಪ್ಪು ಅಂತ ನೀನೊಬ್ಬನೇ ಇಟ್ಕೋಬೇಡ. ನಂಗೂ ಸ್ವಲ್ಪ ಬಿಡು."

ಅವಳು ಎದ್ದು ಬಂದು ಕುರ್ಚಿಯ ಹಿಂದೆ ನಿಂತಳು, ಅವನು ಗಿರಾಕಿಗಳ ಹಿಂದೆ ನಿಲ್ಲುವ ಜಾಗದಲ್ಲೇ.

"ಈಗಲೂ ಕೇಳಿಸ್ತಿದೆಯಾ?"

"ಹೂಂ."

"ನಂಗೂ ಕೇಳಿಸು."

ಬಗ್ಗಿ ಅವನ ಕಿವಿಗೆ ತನ್ನ ಕಿವಿ ಒತ್ತಿದಳು. ಇಬ್ಬರೂ ಅಲುಗಾಡಲಿಲ್ಲ. ಅವನಿಗೆ ಚೂಟಿ ಹಾರುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಇಷ್ಟು ಹತ್ತಿರ ಇರುವಾಗ ತಂಗಿಗೂ ಕೇಳಿಸದಿರಲು ಹೇಗೆ ಸಾಧ್ಯ ಎನಿಸಿತು. ತಂಗಿ ತಲೆ ಎತ್ತಿದಳು.

"ಇಲ್ಲ" ಎಂದಳು. ಮತ್ತೆ ಇನ್ನೊಂದು ಕಿವಿಯನ್ನು ಒತ್ತಿ ನೋಡಿದಳು. "ಏನೂ ಇಲ್ಲ ಅಣ್ಣ." ಆಗ ಅವಳಿಗೆ ಅಳು ಬಂತು. ಮಗಳು ಹೋದ ಮೇಲೆ ಅವಳು ಅತ್ತದ್ದನ್ನು ಅವನು ಕಂಡದ್ದು ಅದೇ ಮೊದಲು. ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು, ಸೆರಗಿಗೆ ಹತ್ತಿದ ಕಪ್ಪನ್ನು ಒಮ್ಮೆ ನೋಡಿದಳು. "ನಾಳೆ ಹೋಗಿ ತೆಗೆಸ್ಕೋ. ನಾನೂ ಬರ್ತೀನಿ. ಅವಳು ಹೋದ್ಲು. ನಿನ್ನನ್ನೂ ಇದಕ್ಕೆ ಕೊಡಕ್ಕೆ ನಂಗಾಗಲ್ಲ."

ಕಾಲೇಜಿನ ಮಂಚದ ಮೇಲೆ ಮಲಗಿ ತೋಳು ಚಾಚುವುದು ಅವನಿಗೆ ಹೊಸತಲ್ಲ. ಸೂಜಿಯೂ ಅದೇ, ಚೀಲವೂ ಅದೇ. ಯಾರಿಗೆ ಹೋಗುತ್ತದೆ ಎಂದು ಕೇಳುವುದು ರೂಢಿ, ಬಾಯಿ ತೆರೆದವನು ನಾಲಿಗೆ ಕಚ್ಚಿಕೊಂಡ. ಚೀಲ ತುಂಬುತ್ತ ಬಂದಿತು, ಬಹಳ ಕಡುಬಣ್ಣ. ನರ್ಸು ಅದಕ್ಕೆ ಗಂಟು ಹಾಕಿ, ಮೂಲೆಯಲ್ಲಿದ್ದ ಕಸದ ಹಳದಿ ಡಬ್ಬಿಯ ಮುಚ್ಚಳವನ್ನು ಕಾಲಿಂದ ಒತ್ತಿ ಎತ್ತಿ, ಒಳಗೆ ಹಾಕಿದಳು. ಮುಚ್ಚಳ ಬಿತ್ತು. ಪಕ್ಕದ ಸ್ಟೂಲಿನ ಮೇಲೆ ತಂಗಿ ಪರೀಕ್ಷೆಗೆ ತನ್ನ ತೋಳು ಕೊಟ್ಟು ಬೇರೆ ಕಡೆ ಮುಖ ತಿರುಗಿಸಿ ಕೂತಿದ್ದಳು. ಅವಳ ಇನ್ನೊಂದು ಕೈ ಅವನ ಅಂಗಿಯ ತುದಿಯನ್ನು ಹಿಡಿದಿತ್ತು.

ಮನೆಗೆ ಬಂದು ಮಲಗಿದಾಗ ತಲೆ ಹಗುರಾಗಿತ್ತು. ಗೋಡೆಯ ಕಡೆ ಹೊರಳಿ ಕಿವಿಗೊಟ್ಟ. ಆಚೆ ತಂಗಿ ಪಾತ್ರೆ ಇಟ್ಟ ಸದ್ದು, ನಲ್ಲಿ ನಿಲ್ಲಿಸಿದ ಸದ್ದು. ಬೇರೇನೂ ಇಲ್ಲ. ಎದ್ದು ಮೆಟ್ಟಿಲು ಹತ್ತಿ ಇಳಿದು ಬಂದು ಮತ್ತೆ ಕಿವಿಗೊಟ್ಟ. ಹುಡುಗಿ ಸತ್ತ ದಿನ ಹೇಗೆ ಕೂತಿದ್ದನೋ ಹಾಗೇ ಮಂಚದ ಅಂಚಿನಲ್ಲಿ ಕೂತ.

ತಂಗಿಯ ರಕ್ತವೂ ಸರಿಯಿರಲಿಲ್ಲ. ಆದರೆ ಜಾಗ ಬಿಟ್ಟರೆ ಸುಧಾರಿಸೀತು ಎಂದಳು ಡಾಕ್ಟರಮ್ಮ. ತಂಗಿಯ ಗಂಡ ರಜೆ ಹಾಕಿ ಲಾರಿಯೊಂದಿಗೆ ಬಂದ. ಬೆಟ್ಟದ ಊರಿನ ಹಳೆಯ ಮನೆಯಲ್ಲಿ ಈಗ ಬೇರೆಯವರಿದ್ದರು, ಅಲ್ಲಿಂದ ಸ್ವಲ್ಪ ಕೆಳಗೆ ಇನ್ನೊಂದು ಸಿಕ್ಕಿತು. ಅಣ್ಣನೂ ಬರಬೇಕು ಎಂದು ತಂಗಿ ಹಟ ಹಿಡಿದಳು. "ಈ ಸಲ ನಾನು ಕರೀತಿದ್ದೀನಿ" ಎಂದಳು. ಅವನು ಕತ್ತರಿ, ಬಾಚಣಿಗೆ ಒಂದು ಚೀಲಕ್ಕೆ ತುಂಬಿ, ಕುರ್ಚಿಯನ್ನು ಲಾರಿಗೆ ಏರಿಸಿದ.

ಸಾಮಾನು ಏರಿಸಿ ಮುಗಿಯುವ ಮುಂಚೆಯೇ ತಂಗಿಯ ಮನೆಗೆ ಹೊಸಬರು ಬಂದರು. ಯಾರ್ಡಿನಲ್ಲಿ ಹೊಸದಾಗಿ ಕೆಲಸ ಸಿಕ್ಕ ಹುಡುಗ, ಅವನ ಹೆಂಡತಿ, ಅವಳ ಕಂಕುಳಲ್ಲಿ ಒಂದು ಹೆಣ್ಣುಮಗು. ಬಾಡಿಗೆ ಕಡಿಮೆ, ಕೆಲಸ ಎದುರಿಗೇ ಎಂದು ಹುಡುಗ ಹಲ್ಲುಬಿಟ್ಟು ನಗುತ್ತಿದ್ದ. ತಂಗಿ ಅವರನ್ನು ನೋಡಿ ಹೋಗಿ ಲಾರಿಯೊಳಗೆ ಕೂತಳು.

ನೆಗೆಟಿವಣ್ಣ ಹುಡುಗನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡು ಎಲ್ಲವನ್ನೂ ಹೇಳಿದ. ಮಗುವಿನ ಕಾಯಿಲೆಯನ್ನೂ, ಡಾಕ್ಟರಮ್ಮನ ಮಾತನ್ನೂ, ತನ್ನ ರಕ್ತವನ್ನೂ. ಸುತ್ತಿ ಬಳಸಲಿಲ್ಲ, ಹೆದರಿಸಲೂ ಇಲ್ಲ. "ಕೂಸು ಇಟ್ಕೊಂಡು ಇಲ್ಲಿರ್ಬೇಡಪ್ಪ" ಎಂದ.

ಹುಡುಗ ತಲೆ ತಗ್ಗಿಸಿ ಕೇಳಿಸಿಕೊಂಡ. ಅವನೇನೂ ಉಡಾಫೆ ಮಾಡಲಿಲ್ಲ. "ಬೇರೆ ಕಡೆ ಸಿಗೋ ತನಕ ಅಣ್ಣ" ಎಂದ. "ಸದ್ಯಕ್ಕೆ ಇದೇ ಸಿಕ್ಕಿರೋದು." ಆಮೇಲೆ ತಾನು ತಂದಿದ್ದ ಮಂಚದ ಒಂದು ತುದಿ ಎತ್ತಿಕೊಂಡ. ಇನ್ನೊಂದು ತುದಿ ಹಿಡಿಯುವವರಿಲ್ಲದೆ ಅದು ಹೊಸ್ತಿಲಿಗೆ ತಗುಲಿ ನಿಂತಾಗ ನೆಗೆಟಿವಣ್ಣನೇ ಬಗ್ಗಿ ಹಿಡಿದು ಒಳಗೆ ಸಾಗಿಸಿದ.

ಹುಡುಗನ ಹೆಂಡತಿ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಗಂಡ ಹೊರಗೆ ಹೋದ ಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು, "ಆ ಮಗು ಯಾವ ರೂಮಲ್ಲಿ ಮಲಗ್ತಿತ್ತು ಅಣ್ಣ?"

ಅವನು ಒಳಕೋಣೆಯ ಕಡೆ ಕೈ ತೋರಿಸಿದ.

ಅವಳು ಕೂಸಿನ ಹಾಸಿಗೆಯ ಸುರುಳಿಯನ್ನು ಅಲ್ಲಿಂದ ಎತ್ತಿಕೊಂಡು ಬಂದು ಮುಂದಿನ ಕೋಣೆಯಲ್ಲಿಟ್ಟಳು. ಮೂಲೆಯನ್ನು ಎರಡು ಸಲ ಗುಡಿಸಿದಳು. ಕೂಸನ್ನು ಅಲ್ಲಿ ಕೂರಿಸಿ, ಸರಿಯಿದೆಯಾ ಎನ್ನುವಂತೆ ಅವನ ಮುಖ ನೋಡಿದಳು. ಆ ಕೋಣೆಯ ಕಿಟಕಿಯೂ ಯಾರ್ಡಿನ ಕಡೆಗೇ ಇತ್ತು. ಲಾರಿಯ ಹಾರನ್ ಕೇಳಿಸಿತು. ಅವನು ಕಿಟಕಿಯ ಬಾಗಿಲನ್ನು ಎಳೆದು ಚಿಲಕ ಹಾಕಿದ, ಅದು ಸರಿಯಾಗಿ ಕೂರಲಿಲ್ಲ. ಇನ್ನೊಮ್ಮೆ ಒತ್ತಿ ನೋಡಿ, ಹೊರಗೆ ಬಂದು ಲಾರಿ ಹತ್ತಿದ.